ಹೆಬ್ಬೆಟ್ಟು ಒತ್ತುವ ಮಾಲೀಕ

ಹೋದ ವರ್ಷದಿಂದ ನಾನೊಂದು ಉದ್ಯಮ. ದಾವಣಗೆರೆಯಲ್ಲಿ ಬಾಡಿಗೆ ಮನೆ, ಹಳೇ ಸ್ಕೂಟರ್, ಊಟದ ಡಬ್ಬಿ. ಇಷ್ಟೇ ಬಂಡವಾಳ. ಕಟ್ಟಡ ಕಟ್ಟಿಸುವ ಕಂಪನಿಯೊಂದಕ್ಕೆ ಎಂಜಿನಿಯರ್ ಆಗಿ ಸೇರಿದೆ ಅಂದುಕೊಂಡಿದ್ದೆ. ಅವರು ಕೊಟ್ಟ ಕಾಗದ ಓದಿದರೆ ನಾನು ಸೇರಿಯೇ ಇಲ್ಲ! ನಾನು 'ಸ್ವತಂತ್ರ ಕನ್ಸಲ್ಟೆಂಟ್'. ಕಂಪನಿ ನನ್ನ ಗಿರಾಕಿ.

ಈ ಗಿರಾಕಿ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ದುಡ್ಡಿಗೆ ಕತ್ತರಿ. ಒಂದು ದಿನ ಕಾಗದ ನಂಬಿ, ನಿಧಾನವಾಗಿ ಬೆಣ್ಣೆ ದೋಸೆ ತಿಂದು ಹನ್ನೊಂದಕ್ಕೆ ಹೋದೆ.

"ಏನ್ ಸರ್, ಹೇಳದೇ ಕೇಳದೇ?" ಅಂದರು ಎಚ್‌ಆರ್ ಮೇಡಂ.

"ನಾನು ಸ್ವತಂತ್ರ ಅಲ್ವಾ ಮೇಡಂ?"

"ಅದು ಟ್ಯಾಕ್ಸ್‌ಗೆ ಮಾತ್ರ ಸರ್."

ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬಾ ನೆಂಟರು. ರಜೆ ಕೇಳಿದೆ. ಉದ್ಯಮಿಗೆ ರಜೆ ಎಲ್ಲಿಂದ ಬರಬೇಕು ಅಂದರು. ಸರಿ, ಬರಲ್ಲ ಅಂದೆ. ಹಾಗಾದರೆ ರಜಾ ಅರ್ಜಿ ಬರೆದುಕೊಡಿ ಅಂದರು.

ಈಗ ಲೆಕ್ಕಕ್ಕೆ ಬನ್ನಿ, ಮಜಾ ಇರೋದೇ ಅಲ್ಲಿ. ಪಕ್ಕದ ಕುರ್ಚಿಯವನಿಗೂ ತಿಂಗಳಿಗೆ 40,000, ನನಗೂ 40,000. ಅವನದು ಸಂಬಳ, ನನ್ನದು ಫೀಸು. 2025-26ರಲ್ಲಿ ಅವನ 4.8 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಯಿತು, ಅಂದರೆ ಸಂಬಳದವರಿಗೆ ಲೆಕ್ಕ ಕೇಳದೆ ಬಿಡುವ ಮೊತ್ತ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ ಇದೆ. ಹಾಗಾಗಿ ಅವನಿಗೆ ಒಂದು ರೂಪಾಯಿಯೂ ಆದಾಯ ತೆರಿಗೆ ಕಡಿತವಿಲ್ಲ. ನನ್ನ ಫೀಸು ವರ್ಷಕ್ಕೆ 50,000 ದಾಟಿತಲ್ಲ, ಪ್ರತಿ ತಿಂಗಳೂ ಶೇ 10 ಟಿಡಿಎಸ್, ಅಂದರೆ ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ. ಕೈಗೆ 36,000. ಆಗ ಆ ಸೆಕ್ಷನ್ 194ಜೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂತು, ಈಗ 393. ಸೆಕ್ಷನ್‌ಗೆ ಬಡ್ತಿ ಸಿಕ್ಕಿತು, ನನಗೆ ಇಲ್ಲ.

"ತಲೆ ಕೆಡಿಸ್ಕೋಬೇಡ" ಅಂದರು ನಮ್ಮ ಆಡಿಟರ್. "ಸೆಕ್ಷನ್ 44ಎಡಿಎ ಹಾಕೋಣ. ಎಂಜಿನಿಯರ್ ಅಲ್ವಾ, ನಿನ್ನ ಗಳಿಕೆಯಲ್ಲಿ ಅರ್ಧ ಖರ್ಚಿಗೇ ಹೋಯ್ತು ಅಂತ ಕಾನೂನೇ ಒಪ್ಪುತ್ತೆ."

ಅಂದರೆ ವರ್ಷಕ್ಕೆ 2.4 ಲಕ್ಷ ಖರ್ಚು. ನನ್ನ ಉದ್ಯಮ ನಡೆಯುವುದು ಕಂಪನಿಯ ಕುರ್ಚಿಯಲ್ಲಿ, ಕಂಪನಿಯ ಕಂಪ್ಯೂಟರ್‌ನಲ್ಲಿ, ಕಂಪನಿಯ ನೀರು ಚಹಾದಲ್ಲಿ. ನನ್ನದು ಅಂತ ಇರುವುದು ಒಂದು ಪೆನ್ನು. ಉಳಿದ 2.4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಕಟ್ಟಬೇಕಾದ ತೆರಿಗೆ ಸೊನ್ನೆ, ಕಟ್ಟಿದ್ದು 48,000. ರಿಟರ್ನ್ ಹಾಕಿ, ನನ್ನ ದುಡ್ಡನ್ನು ನಾನೇ ವಾಪಸ್ ಕರೆಸಿಕೊಳ್ಳಬೇಕು. ಕಂಪನಿಗೆ ಪಿಎಫ್ ಪಾಲು, ಗ್ರಾಚ್ಯುಟಿ ಎರಡೂ ಉಳಿಯಿತು, ಅದು ಬೇರೆ ಮಾತು.

1973ರಲ್ಲೇ ಸುಪ್ರೀಂ ಕೋರ್ಟ್ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ದರ್ಜಿಗಳನ್ನು ಅಂಗಡಿಯ ನೌಕರರೇ ಅಂದಿತ್ತು. ಅವರಿಗೆ ಪೀಸ್ ಲೆಕ್ಕದ ಕೂಲಿ. ದಿನಪೂರ್ತಿ ಅಂಗಡಿಯಲ್ಲೇ ಇರಬೇಕು ಅಂತಲೂ ಇರಲಿಲ್ಲ. ಆದರೆ ಹೊಲಿಗೆ ಯಂತ್ರ ಅಂಗಡಿಯದು, ಹೊಲಿಗೆ ಸರಿಯಿಲ್ಲ ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಕಾರ್ಮಿಕ ಕಾನೂನಿಗೆ ಅಷ್ಟು ಸಾಕಾಯಿತು. ಇದನ್ನು ಮೇಡಂಗೆ ಹೇಳಿದೆ. "ನಿಮಗೆ ಹೊಲಿಗೆ ಬರುತ್ತಾ ಸರ್?" ಅಂದರು.

ರಿಟರ್ನ್ ಫಾರಂಗಳ ಹೆಸರು ನೋಡಿ. ಪಕ್ಕದ ಕುರ್ಚಿಯವನದು ಐಟಿಆರ್-1, 'ಸಹಜ್'. ನನ್ನದು ಐಟಿಆರ್-4, 'ಸುಗಮ್'. ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ದೊಡ್ಡ ನಮಸ್ಕಾರ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅದನ್ನೇ ತೆರೆದು ಕೂತಿದ್ದೆ. ನಿಮ್ಮ ವ್ಯವಹಾರದ ಹೆಸರೇನು ಅಂತ ಕೇಳುತ್ತಿತ್ತು. ದುಗ್ಗಮ್ಮನ ಹೆಸರೇ ಇಡೋಣ ಅಂತ ಟೈಪ್ ಮಾಡುತ್ತಿದ್ದೆ. ಬೆನ್ನ ಹಿಂದೆ ಮೇಡಂ ಬಂದು ನಿಂತಿದ್ದರು.

"ಸರ್, ಆಫೀಸ್ ಟೈಮಲ್ಲಿ ಸ್ವಂತ ಬಿಸಿನೆಸ್ ಎಲ್ಲಾ ಮಾಡಬಾರದು."