ಕೊಳೆತ ಮೊಟ್ಟೆ ಮೂಸದವನ ಕೆಮಿಸ್ಟ್ರಿ

ಪಿಯುಸಿ ಕೆಮಿಸ್ಟ್ರಿ ನೋಟ್ಸಿನಲ್ಲಿ ಹೈಡ್ರೋಜನ್ ಸಲ್ಫೈಡಿನ ಎದುರು ನಾನು ಬರೆದುಕೊಂಡದ್ದು ಇಷ್ಟೇ: ಬಣ್ಣ ಇಲ್ಲ, ಕೊಳೆತ ಮೊಟ್ಟೆಯ ವಾಸನೆ. ನಮ್ಮ ಮನೆಯಲ್ಲಿ ಒಳ್ಳೆ ಮೊಟ್ಟೆಯೇ ಹೊಸ್ತಿಲು ದಾಟಿರಲಿಲ್ಲ, ಇನ್ನು ಕೊಳೆತದ್ದು ಎಲ್ಲಿಂದ ಬರಬೇಕು? ಮಾರ್ಕು ಸಿಗುತ್ತೆ ಅಂತ ಬಾಯಿಪಾಠ ಮಾಡಿದೆ. ಹೈಡ್ರೋಜನ್ ಸೈನೈಡಿಗೆ ಕಹಿ ಬಾದಾಮಿಯ ವಾಸನೆ ಅಂತಲೂ ಓದಿದೆ. ಬಾದಾಮಿ ನನಗೆ ಪರಿಚಯವಾಗಿದ್ದೇ ಮದುವೆ ಮನೆಯ ಬಾದಾಮಿ ಹಾಲಿನಲ್ಲಿ. ಅದರಲ್ಲಿ ಇರುತ್ತಿದ್ದದ್ದು ಬರೀ ಹಳದಿ ಬಣ್ಣ.

ಕೊನೆಗೊಂದು ದಿನ ಲ್ಯಾಬಿನಲ್ಲಿ ಕಿಪ್ ಉಪಕರಣ ತೋರಿಸಿದರು. ಮೂರು ಗಾಜಿನ ಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿದ ಹಾಗಿತ್ತು. ನಡುವಿನ ಬುರುಡೆಯಲ್ಲಿ ಫೆರಸ್ ಸಲ್ಫೈಡಿನ ಕಪ್ಪು ತುಂಡುಗಳು. ಮೇಲಿಂದ ಆಸಿಡ್ ಇಳಿದು ಅದನ್ನು ಮುಟ್ಟಿದರೆ ಅದೇ ಹೈಡ್ರೋಜನ್ ಸಲ್ಫೈಡ್ ಗ್ಯಾಸು. ನಲ್ಲಿ ತಿರುಗಿಸಿದ ತಕ್ಷಣ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಬಾಯಲ್ಲಿ ನೀರೂರಿತು. ಅರೆ, ಇದು ಪಾನಿಪೂರಿ! ಆ ಪಾನಿಗೆ ಹಾಕುವ ಬ್ಲ್ಯಾಕ್ ಸಾಲ್ಟಿನ ವಾಸನೆಗೂ ಇದೇ ಗಂಧಕದ ಬಳಗ ಕಾರಣ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಗೆಳೆಯನಿಗೆ ವಿಷಯ ಹೇಳಿದೆ. ಅವನು ಒಂದು ತಿಂಗಳು ಪಾನಿಪೂರಿ ಗಾಡಿಯ ಕಡೆ ತಲೆ ಹಾಕಲಿಲ್ಲ. ಅವನ ಪಾಲಿನದನ್ನೂ ನಾನೇ ತಿಂದೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ, ಅಂದರೆ ಕೊಟ್ಟ ಉಪ್ಪು ಯಾವುದು ಅಂತ ಪತ್ತೆ ಮಾಡುವ ಪ್ರಯೋಗದಲ್ಲಿ, ಅಮೋನಿಯಾ ಬಂದಾಗ ಟ್ಯೂಬನ್ನು ದೂರ ಹಿಡಿದು, ಕೈಯಿಂದ ಮೂಗಿನ ಕಡೆಗೆ ಮೆಲ್ಲಗೆ ಗಾಳಿ ಬೀಸಿಕೊಳ್ಳಬೇಕು ಅಂತ ಮೇಷ್ಟ್ರು ಹೇಳಿದ್ದರು. ನಾನು ಟ್ಯೂಬಿನೊಳಗೇ ಮೂಗಿಟ್ಟು ಜೋರಾಗಿ ಎಳೆದುಕೊಂಡೆ. ಯಾರೋ ನೆತ್ತಿಯ ಒಳಗಿನಿಂದ ಗುದ್ದಿದ ಹಾಗಾಯಿತು. ಕಣ್ಣು, ಮೂಗು ಎರಡರಲ್ಲೂ ಧಾರೆ. ಮೇಷ್ಟ್ರು ಹತ್ತಿರ ಬಂದು ಶಾಂತವಾಗಿ ಕೇಳಿದರು: "ಏನಯ್ಯಾ, ಉಪ್ಪು ಸರಿಯಾಗಿದೆಯಾ?"

ಆ ವರ್ಷ ನೋಟ್ಸಿನ ತುಂಬ ಒಂದೇ ಪದ. ಅಮೋನಿಯಾ ಘಾಟು, ಕ್ಲೋರಿನ್ ಘಾಟು, ಸಲ್ಫರ್ ಡೈಆಕ್ಸೈಡ್ ಘಾಟು. ಅಮ್ಮನ ಅಡುಗೆಮನೆಯಲ್ಲಿ ಇಷ್ಟು ಬಡತನ ಇರಲಿಲ್ಲ. ಹುಳಿ ಕುದಿಯುವಾಗ ಹಸಿ ವಾಸನೆ, ತಳ ಹಿಡಿದರೆ ಸೀದ ವಾಸನೆ, ಹಳೆ ಎಣ್ಣೆಗೆ ಕಮಟು, ಮಳೆಗಾಲದ ಬೀರುವಿಗೆ ಮುಗ್ಗಲು, ನಿನ್ನೆಯ ಅನ್ನಕ್ಕೆ ಹಳಸಲು. ಘಾಟು ಅನ್ನುವುದು ಮೆಣಸಿನಕಾಯಿ ಒಗ್ಗರಣೆಗೆ ಮಾತ್ರ ಮೀಸಲು. ಹಾಲಿನ ಪಾತ್ರೆ ಮೂಸಿ "ಯಾಕೋ ಒಂಥರಾ ಇದೆ" ಅಂದರೆ ಇನ್ನರ್ಧ ಗಂಟೆಯಲ್ಲಿ ಒಡೆಯುತ್ತೆ, ಕಾಫಿ ಈಗಲೇ ಕುಡಿದುಬಿಡಿ ಅಂತ ಅರ್ಥ. ಇದಕ್ಕೆ ಯಾವ ಲಿಟ್ಮಸ್ ಕಾಗದವೂ ಇಲ್ಲ.

ನಾನು ಮುಂದೆ ಬಿ.ಎಸ್ಸಿ. ಕೂಡ ಮಾಡಿಕೊಂಡೆ. ಹಾಗಿದ್ದೂ ಬಾತ್‌ರೂಮಿನ ನೆಲಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಕಲೆ ಹೋಗಲಿಲ್ಲ ಅಂತ ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೆ. ಎರಡು ಸೇರಿದರೆ ಎರಡು ಪಟ್ಟು ಬೆಳ್ಳಗಾಗುತ್ತೆ ಅನ್ನುವ ಲೆಕ್ಕ. ಸೇರಿದರೆ ಬರುವುದು ಕ್ಲೋರಿನ್. ಅದರ ಸಮೀಕರಣ ಬರೆದು ಪೂರ್ತಿ ಮಾರ್ಕು ತೆಗೆದುಕೊಂಡವನು ನಾನೇ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಇದೇ ಅನಿಲವನ್ನು ಶತ್ರುಗಳ ಮೇಲೆ ಬಿಟ್ಟಿತ್ತು. ನಾನು ನನ್ನ ಮೇಲೇ ಬಿಟ್ಟುಕೊಂಡೆ, ಅದೂ ಬಾಗಿಲು ಹಾಕಿಕೊಂಡು. ಕೆಮ್ಮುತ್ತಾ ಟವೆಲ್ಲಿನಲ್ಲೇ ವರಾಂಡಕ್ಕೆ ಓಡಿ ಬಂದೆ. ಅಲ್ಲಿ ಹಾಲಿನ ಹುಡುಗ ನಿಂತಿದ್ದ. ಅಷ್ಟು ಸಾಕು.

ಇಷ್ಟೆಲ್ಲ ಆದಮೇಲೂ ಕಳೆದ ದಸರಾ ರಜೆಯ ಭಾನುವಾರ ನನ್ನ ಮೂಗಿನ ಮೇಲೆ ನನಗೆ ಭರವಸೆ ಇತ್ತು ಅನ್ನುವುದೇ ಆಶ್ಚರ್ಯ. ಸಂಜೆ ನಾಲ್ಕರ ಹೊತ್ತು. ಹೆಂಡತಿ ತರಕಾರಿಗೆ ಹೋಗಿದ್ದಳು. ಮನೆಯೊಳಗೆ ವಾಸನೆ. "ಗ್ಯಾಸ್ ಲೀಕ್!" ಅಂದೆ.

"ಗ್ಯಾಸ್ ಅಲ್ಲ ಕಣೋ, ಏನೋ ಹಳಸಿದೆ" ಅಂದಳು ಅಮ್ಮ, ಸೀರಿಯಲ್ಲಿನಿಂದ ಕಣ್ಣು ಕೀಳದೆ.

ನಾನು ಪಾಠ ಶುರು ಮಾಡಿದೆ. "ಅಮ್ಮಾ, ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ." 1937ರಲ್ಲಿ ಟೆಕ್ಸಾಸಿನ ಶಾಲೆಯೊಂದರಲ್ಲಿ ವಾಸನೆಯಿಲ್ಲದ ಗ್ಯಾಸು ಸೋರಿ, ಸ್ಫೋಟವಾಗಿ, ಸುಮಾರು 300 ಜನ, ಹೆಚ್ಚಿನವರು ಮಕ್ಕಳು, ಸತ್ತ ಮೇಲೆ ಹೀಗೆ ವಾಸನೆ ಬೆರೆಸುವ ಕಾನೂನು ಬಂತು. ಅದನ್ನು ಹೇಳಿದಾಗ ಅಮ್ಮ ಟಿವಿ ಬಿಟ್ಟು ಎದ್ದಳು. ರೆಗ್ಯುಲೇಟರ್ ಆಫ್ ಮಾಡಿದೆ. ಕಿಟಕಿ ತೆಗೆದೆ. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಅಮ್ಮನನ್ನೂ ಮಗನನ್ನೂ ಆಚೆ ಕಳಿಸಿ, ಗೇಟಿನ ಹೊರಗೆ ನಿಂತು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂರುತ್ತೆ ಅಂತ ನೆನಪಾಯಿತು. ವಾಪಸ್ ಒಳಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿ, 14.2 ಕೆಜಿ ಸಿಲಿಂಡರಿನ ಬುಡ ಮೂಸತೊಡಗಿದೆ. (ಇದನ್ನು ಯಾರೂ ಮಾಡಬೇಡಿ. ನಿಜವಾಗಿ ಸೋರಿದ್ದರೆ ಈ ಬರಹ ಬೇರೆ ಯಾರೋ ಬರೆಯಬೇಕಾಗುತ್ತಿತ್ತು.) ಐದು ನಿಮಿಷಕ್ಕೆ ವಾಸನೆ ಮಾಯ. ಲೀಕ್ ನಿಂತಿತು ಅಂದುಕೊಂಡೆ. ನಿಂತಿದ್ದು ನನ್ನ ಮೂಗು. ಒಂದೇ ವಾಸನೆ ಹಿಡಿದು ಹಿಡಿದು ಅದು ಸುಸ್ತಾಗಿತ್ತು.

"ರೀ, ಏನ್ರೀ ಇದು!" ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಸೊಪ್ಪಿನ ಚೀಲ. ಅವಳು ಕೇಳಿದ್ದು ವಾಸನೆಯ ಬಗ್ಗೆಯೋ, ನನ್ನ ಭಂಗಿಯ ಬಗ್ಗೆಯೋ ತಿಳಿಯಲಿಲ್ಲ.

ಗ್ಯಾಸಿನವರು ಬಂದರು. ಸೋಪಿನ ನೀರು ಕಲಸಿ ರೆಗ್ಯುಲೇಟರಿಗೆ, ಪೈಪಿಗೆ, ಸ್ಟೌವಿನ ನಾಬುಗಳಿಗೆ ಹಚ್ಚಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆತ ಎದ್ದು ನಿಂತು ಎರಡು ಸಲ ಮೂಗು ಅರಳಿಸಿ, ಸೀದಾ ಹಾಲಿಗೆ ನಡೆದರು. ಸೋಫಾದ ಹಿಂದೆ ಮಗನ ಶಾಲೆ ಬ್ಯಾಗ್ ಇತ್ತು. ಗುರುವಾರ ಬಿಸಾಡಿದ್ದು, ಶುಕ್ರವಾರದಿಂದ ರಜೆ. ಜಿಪ್ ಎಳೆದು ಟಿಫಿನ್ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮೂಲಂಗಿ ಪಲ್ಯ, ನಾಲ್ಕು ದಿನದ್ದು.

"ಸಾರ್, ಸಿಲಿಂಡರ್ ಸರಿ ಇದೆ. ಇದನ್ನ ಆಚೆ ಹಾಕಿ."

ಮೂಲಂಗಿ ಕೊಳೆತರೆ ಬರುವುದು ಮೀಥೈಲ್ ಮರ್ಕ್ಯಾಪ್ಟಾನ್, ಗ್ಯಾಸಿಗೆ ಹಾಕುವ ಮರ್ಕ್ಯಾಪ್ಟಾನಿನ ಒಡಹುಟ್ಟು, ಹಾಗಾಗಿ ನನ್ನ ಮೂಗು ಪೂರ್ತಿ ತಪ್ಪಲ್ಲ ಅಂತ ವಾದಿಸಿದೆ. 2018ರಲ್ಲಿ ಮೆಲ್ಬರ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಗ್ಯಾಸ್ ವಾಸನೆ ಅಂತ ಹೆದರಿ ಲೈಬ್ರರಿಯಿಂದ ನೂರಾರು ಜನರನ್ನು ಆಚೆ ಕಳಿಸಿದ್ದರು, ಕಡೆಗೆ ಸಿಕ್ಕಿದ್ದು ಕಪಾಟಿನಲ್ಲಿ ಕೊಳೆತ ಒಂದು ಡುರಿಯನ್ ಹಣ್ಣು ಅಂತಲೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿಗೆ ಹೊರಟಿದ್ದಳು. ಹೆಂಡತಿ ಮಗನ ಕಡೆ ತಿರುಗಿದಳು.

"ಯಾಕೋ ತಿಂದಿಲ್ಲ?"

ಮಗ ಒಮ್ಮೆ ನನ್ನ ಮುಖ ನೋಡಿದ. "ಗುರುವಾರ ನೀನು ಊರಿಗೆ ಹೋಗಿದ್ಯಲ್ಲಮ್ಮಾ. ಪಲ್ಯ ಮಾಡಿದ್ದು ಅಪ್ಪ."