ಕ್ರೆಮೋನಾ ಯಾರ ಲೆಕ್ಕಕ್ಕೆ?

ರೋಮಿನ ಇತಿಹಾಸ ಓದುವವರ ನಡುವೆ ಕ್ರಿ.ಶ. 69ರ ಮಾತು ಬಂದರೆ ಕಥೆ ಹೆಚ್ಚುಕಡಿಮೆ ಒಂದೇ ಥರ ಸಾಗುತ್ತದೆ. ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು. ಗಾಲ್ಬಾ ಜಿಪುಣ, ಓಥೋ ಶೋಕಿಲಾಲ, ವಿಟೆಲಿಯಸ್ ಹೊಟ್ಟೆಬಾಕ. ಕೊನೆಗೆ ವೆಸ್ಪೇಸಿಯನ್ ಬಂದ, ಎಲ್ಲವನ್ನೂ ಸರಿಮಾಡಿದ. ಎಷ್ಟೋ ವಿಡಿಯೋಗಳಲ್ಲಿ, ಲೇಖನಗಳಲ್ಲಿ ಇದನ್ನೇ ಕೇಳಿದ್ದೇನೆ, ಓದಿದ್ದೇನೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ವರ್ಷದ ಅಂತರ್ಯುದ್ಧವನ್ನು ನಿಲ್ಲಿಸಲು ನೋಡಿದವರು ಕೆಟ್ಟವರೆಂದು ಹೆಸರಾದ ಇಬ್ಬರು. ನಿಂತಿದ್ದ ಯುದ್ಧವನ್ನು ಮತ್ತೆ ಹೊತ್ತಿಸಿದವನು ಒಳ್ಳೆಯವನೆಂದು ಹೆಸರಾದವನು. ಆ ಬೆಂಕಿಯಲ್ಲಿ ಉತ್ತರ ಇಟಲಿಯ ಕ್ರೆಮೋನಾ ಎಂಬ ಊರೇ ಸುಟ್ಟುಹೋಯಿತು.

ಮೊದಲು ದುಡ್ಡಿನ ವಿಷಯ. 68ರ ಜೂನ್‌ನಲ್ಲಿ ಚಕ್ರವರ್ತಿ ನೀರೋ ಸತ್ತಾಗ ಮೊದಲ ಚಕ್ರವರ್ತಿ ಅಗಸ್ಟಸ್‌ನ ವಂಶವೇ ಮುಗಿಯಿತು. ಮುಂದೆ ಯಾರು ಎನ್ನುವುದಕ್ಕೆ ಕಾನೂನು ಇರಲಿಲ್ಲ. ಚಕ್ರವರ್ತಿ ಎಂಬ ಪದವಿಯೇ ಹಳೆಯ ಗಣರಾಜ್ಯದ ಅಧಿಕಾರಗಳನ್ನೆಲ್ಲ ಒಬ್ಬನ ಕೈಗೆ ಕೊಟ್ಟು ನಿಲ್ಲಿಸಿದ ಏರ್ಪಾಡು. ವಾರಸುದಾರ ಇದ್ದಷ್ಟು ದಿನ ಅದು ನಡೆಯಿತು, ಇಲ್ಲದಾಗ ಕತ್ತಿ ಹಿಡಿದವರ ಪಾಲಾಯಿತು. ರೋಮಿನ ಅಂಗರಕ್ಷಕ ಪಡೆಯ ಮುಖ್ಯಸ್ಥ ನಿಂಫಿಡಿಯಸ್, ಗಾಲ್ಬಾನ ಹೆಸರಿನಲ್ಲಿ ತಲೆಗೆ 30,000 ಸೆಸ್ಟರ್ಸ್ (ರೋಮಿನ ನಾಣ್ಯ) ಕೊಡಿಸುತ್ತೇನೆಂದು ಮಾತು ಕೊಟ್ಟು ಸೈನಿಕರನ್ನು ನೀರೋನಿಂದ ಬಿಡಿಸಿದ್ದ. ಆ ಪಡೆಯವನ ಸಂಬಳ ವರ್ಷಕ್ಕೆ 3,000. ಅಂದರೆ ಹತ್ತು ವರ್ಷದ ಸಂಬಳ ಒಂದೇ ಗಂಟಿನಲ್ಲಿ.

ಸ್ಪೇನಿನಿಂದ ಬಂದ ಎಪ್ಪತ್ತರ ಮುದುಕ ಗಾಲ್ಬಾ ಒಂದು ಬಿಡಿಗಾಸನ್ನೂ ಕೊಡಲಿಲ್ಲ. ನಾನು ಸೈನಿಕರನ್ನು ಆರಿಸಿಕೊಳ್ಳುವವನು, ಕೊಂಡುಕೊಳ್ಳುವವನಲ್ಲ ಎಂದ. ಈ ಮಾತನ್ನು ಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ವಾಗ್ದಾನದ ಫಲವಾದ ಸಿಂಹಾಸನ ಬೇಕು, ವಾಗ್ದಾನ ಮಾತ್ರ ಬೇಡ ಅಂದರೆ ಅದು ತತ್ವನಿಷ್ಠೆ ಹೇಗಾದೀತು? ಮುದುಕ ಒಂದಿಷ್ಟು ಕೈಬಿಚ್ಚಿದ್ದರೂ ಸೈನಿಕರ ಮನಸ್ಸು ಒಲಿಯುತ್ತಿತ್ತು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. 69ರ ಜನವರಿ 1ರಂದು ರೈನ್ ನದಿಯ ದಂಡೆಯ ಮೈಂಜ಼್ ಪಾಳೆಯದಲ್ಲಿ ಎರಡು ಲೀಜನ್‌ಗಳು (ರೋಮಿನ ಸೈನ್ಯದ ದೊಡ್ಡ ದಳಗಳು) ಗಾಲ್ಬಾನ ಹೆಸರಿನಲ್ಲಿ ಪ್ರಮಾಣ ಮಾಡಲು ಒಪ್ಪದೆ ಅವನ ಪ್ರತಿಮೆಗಳನ್ನು ಕಿತ್ತೆಸೆದವು. ಮರುದಿನ ಕಲೋನ್‌ನಲ್ಲಿ ಆ ಭಾಗದ ಸೇನಾಪತಿ ವಿಟೆಲಿಯಸ್‌ನನ್ನು ಚಕ್ರವರ್ತಿ ಎಂದು ಕೂಗಿದರು. ಜನವರಿ 15ರಂದು ರೋಮಿನಲ್ಲೇ ಓಥೋ ಅಂಗರಕ್ಷಕರನ್ನು ತನ್ನ ಕಡೆ ಮಾಡಿಕೊಂಡ. ಅವನನ್ನು ಮೊದಲು ಚಕ್ರವರ್ತಿ ಎಂದು ವಂದಿಸಿದವರು ಇಪ್ಪತ್ತಮೂರೇ ಜನ. ಅದೇ ದಿನ ಗಾಲ್ಬಾನ ತಲೆ ರೋಮಿನ ನಡುಚೌಕವಾದ ಫೋರಂನಲ್ಲಿ ಉರುಳಿತು. ಆ ಕೊಲೆಯಲ್ಲಿ ನನ್ನದೂ ಕೈಯಿದೆ, ಬಹುಮಾನ ಕೊಡಿ ಎಂದು ಅರ್ಜಿ ಹಾಕಿದವರು 120ಕ್ಕೂ ಹೆಚ್ಚು. ಮುಂದೆ ಆ ಅರ್ಜಿಗಳು ವಿಟೆಲಿಯಸ್‌ನ ಕೈಗೆ ಸಿಕ್ಕಿ, ಅರ್ಜಿದಾರರನ್ನೆಲ್ಲ ಹುಡುಕಿಸಿ ಕೊಲ್ಲಿಸಿದ.

ಓಥೋ ಗದ್ದುಗೆಗೆ ಬಂದ ಬಗೆ ಹೇಸಿಗೆಯದು. ಅವನು ಹೋದ ಬಗೆ ಬೇರೆ. ಏಪ್ರಿಲ್ 14ರಂದು ಉತ್ತರ ಇಟಲಿಯಲ್ಲಿ, ಬೆಡ್ರಿಯಾಕಂ ಮತ್ತು ಕ್ರೆಮೋನಾ ನಡುವಿನ ದಾರಿಯಲ್ಲಿ ಅವನ ಸೈನ್ಯ ವಿಟೆಲಿಯಸ್‌ನ ಸೈನ್ಯಕ್ಕೆ ಸೋತಿತು. ಆದರೂ ಆಟ ಮುಗಿದಿರಲಿಲ್ಲ. ಡ್ಯಾನ್ಯೂಬ್ ಕಡೆಯ ಲೀಜನ್‌ಗಳು ದಾರಿಯಲ್ಲಿದ್ದವು, ಅವುಗಳ ಮುಂಚೂಣಿಯವರು ಇಟಲಿಯ ಈಶಾನ್ಯ ಮೂಲೆಯ ಅಕ್ವಿಲಿಯಾ ತಲುಪಿದ್ದರು. ಇನ್ನೊಂದು ಕೈ ನೋಡೋಣ ಎಂದು ಸುತ್ತಲಿದ್ದವರು ಗೋಗರೆದರು. ಓಥೋ ಒಪ್ಪಲಿಲ್ಲ. ನನಗಾಗಿ ಇನ್ನಷ್ಟು ಜನ ಸಾಯುವುದು ಬೇಡ ಎಂದ. ತನ್ನ ಪರವಾಗಿ ಬರೆದವರು ಸಿಕ್ಕಿಬೀಳದಿರಲೆಂದು ಕಾಗದಗಳನ್ನು ಸುಟ್ಟ. ಏಪ್ರಿಲ್ 16ರ ಬೆಳಗಿನ ಜಾವ ತನ್ನ ಕಠಾರಿಯಿಂದಲೇ ಎದೆ ಇರಿದುಕೊಂಡ. ಗೆಲ್ಲುವ ಅವಕಾಶ ಇನ್ನೂ ಇದ್ದಾಗಲೇ ಕೈಬಿಡುವುದಕ್ಕೆ ಯಾವ ಮಟ್ಟದ ಮನಸ್ಸು ಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇಲ್ಲಿಗೆ ಯುದ್ಧ ಮುಗಿದಿತ್ತು. ಇದನ್ನು ಒತ್ತಿ ಹೇಳಬೇಕು. ಸೆನೆಟ್ ವಿಟೆಲಿಯಸ್‌ನನ್ನು ಒಪ್ಪಿತು. ಪೂರ್ವದ ಸೈನ್ಯಗಳು ಅವನ ಹೆಸರಿನಲ್ಲಿ ಪ್ರಮಾಣ ಮಾಡಿದವು. ಯಹೂದಿಗಳ ನಾಡಾದ ಜುದೇಯದಲ್ಲಿ ತನ್ನ ಸೈನಿಕರಿಗೆ ಆ ಪ್ರಮಾಣದ ಮಾತುಗಳನ್ನು ಹೇಳಿಕೊಟ್ಟವನು ಸ್ವತಃ ಅಲ್ಲಿನ ಸೇನಾಪತಿ ವೆಸ್ಪೇಸಿಯನ್. ವಿಟೆಲಿಯಸ್ ಒಳ್ಳೆಯ ಆಡಳಿತಗಾರ ಎಂದು ನಾನು ವಾದಿಸುತ್ತಿಲ್ಲ. ಓಥೋನ ಪರ ನಿಂತ ಡ್ಯಾನ್ಯೂಬ್ ಲೀಜನ್‌ಗಳ ಸೆಂಚೂರಿಯನ್‌ಗಳನ್ನು (ತುಕಡಿಗಳ ನಾಯಕರನ್ನು) ಕೊಲ್ಲಿಸಿ ಅವನು ಆ ಇಡೀ ಸೈನ್ಯದ ಹಗೆ ಕಟ್ಟಿಕೊಂಡ. ಆದರೆ ದಡ್ಡ ಚಕ್ರವರ್ತಿ ಬೇರೆ, ಅಂತರ್ಯುದ್ಧ ಬೇರೆ.

ಜುಲೈ 1ರಂದು ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟಿನ ಅಧಿಕಾರಿ ಟೈಬೀರಿಯಸ್ ಅಲೆಕ್ಸಾಂಡರ್ ತನ್ನ ಲೀಜನ್‌ಗಳಿಂದ ವೆಸ್ಪೇಸಿಯನ್ ಹೆಸರಿನಲ್ಲಿ ಪ್ರಮಾಣ ಮಾಡಿಸಿದ. ಸಿರಿಯಾದ ಗವರ್ನರ್ ಮ್ಯೂಸಿಯಾನಸ್ ಆಂಟಿಯೋಕ್‌ನ ರಂಗಮಂದಿರದಲ್ಲಿ ನಿಂತು, ವಿಟೆಲಿಯಸ್ ನಿಮ್ಮನ್ನು ಚಳಿಯ ಜರ್ಮನಿಗೆ ಎತ್ತಂಗಡಿ ಮಾಡಲಿದ್ದಾನೆ, ಅಲ್ಲಿಯವರನ್ನು ಇಲ್ಲಿಗೆ ತರಲಿದ್ದಾನೆ ಎಂದ. ಸಿರಿಯಾದಲ್ಲೇ ಮನೆಮಠ ಮಾಡಿಕೊಂಡಿದ್ದ ಸೈನಿಕರಿಗೆ, ಅವರೊಂದಿಗೆ ನೆಂಟಸ್ತನ ಬೆಳೆಸಿದ್ದ ಊರಿನವರಿಗೆ ಅಷ್ಟು ಸಾಕಾಯಿತು. ವೆಸ್ಪೇಸಿಯನ್ ಈಜಿಪ್ಟಿಗೆ ಹೋಗಿ ಕುಳಿತ. ರೋಮ್ ಉಣ್ಣುವ ಗೋಧಿಯ ದೊಡ್ಡ ಪಾಲು ಅಲ್ಲಿಂದಲೇ ಹೋಗಬೇಕು. ಸೈನ್ಯ ಅಕ್ವಿಲಿಯಾದಲ್ಲಿ ನಿಂತು ಮ್ಯೂಸಿಯಾನಸ್‌ಗಾಗಿ ಕಾಯಲಿ ಎಂಬುದು ಅವನ ಅಪ್ಪಣೆ. ಸಂಬಳವೂ ಧಾನ್ಯವೂ ಸಿಗದೆ ವಿಟೆಲಿಯಸ್‌ನ ಕಡೆಯವರು ತಾವೇ ಶರಣಾಗುತ್ತಾರೆಂಬುದು ಲೆಕ್ಕ. ವೆಸ್ಪೇಸಿಯನ್‌ನ ಪರ ವಹಿಸುವವರು ಈ ಅಪ್ಪಣೆಯನ್ನೇ ಮುಂದಿಡುತ್ತಾರೆ. ಆದರೆ ಧಾನ್ಯ ನಿಂತರೆ ಮೊದಲು ಹಸಿಯುವುದು ಸೈನಿಕರಲ್ಲ, ಕೇರಿಯ ಜನ. ಅದೂ ಅಲ್ಲದೆ ಈಗ ವೆಸ್ಪೇಸಿಯನ್ ಪಕ್ಷ ಸೇರಿದ್ದ ಡ್ಯಾನ್ಯೂಬ್ ಪಡೆಗಳ ನಾಯಕ ಆಂಟೋನಿಯಸ್ ಪ್ರೈಮಸ್ ಕಾಯುವ ಜಾತಿಯವನಲ್ಲ. ಅವನು ಇಟಲಿಗೆ ನುಗ್ಗಿಯೇಬಿಟ್ಟ.

ಅಕ್ಟೋಬರ್ 24ರ ರಾತ್ರಿ, ಏಪ್ರಿಲ್‌ನಲ್ಲಿ ಕಾದಿದ ಅದೇ ನೆಲದಲ್ಲಿ ಎರಡು ಸೈನ್ಯಗಳು ಮತ್ತೆ ಕಾದಿದವು. ಒಂದೇ ಭಾಷೆ, ಒಂದೇ ಥರದ ಆಯುಧ. ಕತ್ತಲಲ್ಲಿ ನಮ್ಮವರು ಯಾರು, ಹಗೆಗಳು ಯಾರು ತಿಳಿಯದು. ಗುರುತಿನ ಮಾತು ಕೇಳಿ ಕೇಳಿ ಎರಡೂ ಕಡೆಗೆ ಗೊತ್ತಾಗಿಹೋಗಿತ್ತು. ಸ್ಪೇನ್ ಮೂಲದ ಜೂಲಿಯಸ್ ಮ್ಯಾನ್ಸುಯೇಟಸ್ ಎಂಬಾತ ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟು 21ನೇ ಲೀಜನ್ ಸೇರಿದ್ದ. ಮಗ ಬೆಳೆದ ಮೇಲೆ ಗಾಲ್ಬಾ ಕಟ್ಟಿದ 7ನೇ ಲೀಜನ್‌ಗೆ ಸೇರಿದ. ಆ ರಾತ್ರಿ ಮಗ ಎದುರಿಗೆ ಸಿಕ್ಕವನನ್ನು ಕೆಡವಿ, ಅರೆಜೀವದ ಮೈಯನ್ನು ತಡಕುವಾಗ ಇಬ್ಬರಿಗೂ ಗುರುತು ಸಿಕ್ಕಿತು. ಅಪ್ಪನ ಪ್ರಾಣ ಹೋಗುವಾಗ ಅಪ್ಪಿಕೊಂಡು, ನನ್ನನ್ನು ಪಿತೃಘಾತಕ ಎಂದು ಶಪಿಸಬೇಡ ಎಂದು ಗೋಳಾಡಿದ. ತಾನೇ ಗುಂಡಿ ತೋಡಿ ಮಣ್ಣು ಮಾಡಿದ. ಸುದ್ದಿ ಸಾಲಿನಿಂದ ಸಾಲಿಗೆ ಹರಡಿತು, ಎಲ್ಲರೂ ಈ ಹಾಳು ಯುದ್ಧವನ್ನು ಶಪಿಸಿದರು. ಶಪಿಸುತ್ತಲೇ ನೆಂಟರನ್ನು, ಅಣ್ಣತಮ್ಮಂದಿರನ್ನು ಕೊಂದು ಸುಲಿಯುವುದನ್ನು ಮುಂದುವರಿಸಿದರು. ಆ ಯುದ್ಧದಲ್ಲಿ ಸ್ವತಃ ಇದ್ದ ಮೆಸಾಲಾ ಎಂಬಾತ ಹೇಳಿದ್ದನ್ನು ಟ್ಯಾಸಿಟಸ್ ಬರೆದಿಟ್ಟಿದ್ದಾನೆ.

ಬೆಳಗಾಗುವಷ್ಟರಲ್ಲಿ ವಿಟೆಲಿಯಸ್‌ನ ಸೈನ್ಯ ಸೋತಿತ್ತು. ಉಳಿದದ್ದು ಕ್ರೆಮೋನಾ.

ಪೋ ನದಿಯ ದಂಡೆಯ ಈ ಊರು ಕ್ರಿ.ಪೂ. 218ರಲ್ಲಿ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಗೆ ಇಳಿಯುವ ಹೊತ್ತಿನಲ್ಲಿ, ಹುಟ್ಟಿದ್ದು. ಫಲವತ್ತಾದ ನೆಲ, ವ್ಯಾಪಾರ, ನೆಂಟಸ್ತನಗಳಿಂದ ಬೆಳೆದಿತ್ತು. ಹೊರಗಿನ ಯಾವ ಯುದ್ಧವೂ ಅದನ್ನು ಮುಟ್ಟಿರಲಿಲ್ಲ ಎನ್ನುತ್ತಾನೆ ಟ್ಯಾಸಿಟಸ್. ಅದು ಜಾತ್ರೆ-ಸಂತೆಯ ಕಾಲ, ಇಟಲಿಯ ಮೂಲೆಮೂಲೆಯ ಜನ, ಸರಕು ಅಲ್ಲಿ ಸೇರಿತ್ತು. ಏಪ್ರಿಲ್‌ನ ಯುದ್ಧವಾದ ಮೇಲೆ ವಿಟೆಲಿಯಸ್ ಆ ರಣರಂಗ ನೋಡಲು ಬಂದಾಗ, ಹೂಳದ ಹೆಣಗಳು ಬಿದ್ದಿದ್ದ ದಾರಿಗೆ ಕ್ರೆಮೋನಾದವರು ಗುಲಾಬಿ, ಲಾರೆಲ್ ಹರಡಿದ್ದರು. ಓಥೋನ ಕಡೆ ಸೋತ 13ನೇ ಲೀಜನ್‌ನವರನ್ನು ಅಲ್ಲೇ ಬಯಲು ರಂಗಮಂದಿರ ಕಟ್ಟುವ ಕೆಲಸಕ್ಕೆ ಹಾಕಿದ್ದರು. ಊರಿನ ಪಡ್ಡೆಗಳು ಅವರನ್ನು ಗೇಲಿ ಮಾಡುತ್ತಿದ್ದರು. ಈಗ ಅದೇ 13ನೇ ಲೀಜನ್ ಗೆದ್ದ ಪಕ್ಷದಲ್ಲಿ ಬಂದು ಬಾಗಿಲಲ್ಲಿ ನಿಂತಿತ್ತು.

ಊರು ಶರಣಾದ ಮೇಲೆ ನಡೆದದ್ದು ಇದು. ಆಂಟೋನಿಯಸ್ ಮೈಗೆ ಹತ್ತಿದ ರಕ್ತ ತೊಳೆಯಲು ಸ್ನಾನಗೃಹಕ್ಕೆ ಹೋದ. ನೀರು ಬೆಚ್ಚಗಿಲ್ಲ ಎಂದಾಗ, ಇನ್ನೇನು ಕಾಯುತ್ತದೆ ಎಂಬ ಮಾತು ಬಂತು. ಅದನ್ನೇ ಬೆಂಕಿ ಹಚ್ಚಲು ಸನ್ನೆ ಎಂದರು. ನಿಜಕ್ಕೂ ಊರು ಆಗಲೇ ಉರಿಯುತ್ತಿತ್ತು. ನಲವತ್ತು ಸಾವಿರ ಆಯುಧಧಾರಿಗಳು, ಅವರಿಗಿಂತ ಹೆಚ್ಚು ಆಳುಕಾಳುಗಳು ಒಳನುಗ್ಗಿದರು. ವಯಸ್ಸು, ಮರ್ಯಾದೆ ಯಾವುದೂ ಯಾರನ್ನೂ ಕಾಯಲಿಲ್ಲ. ಸುಲಿಗೆಗೆ ಬೆಲೆಯಿಲ್ಲದ ಮುದುಕ ಮುದುಕಿಯರನ್ನು ಮೋಜಿಗೆ ಎಳೆದಾಡಿದರು. ನಾಲ್ಕು ದಿನಗಳಿಗೆ ಸಾಕಾಗುವಷ್ಟಿತ್ತು ಕ್ರೆಮೋನಾ. ಗೋಡೆಯ ಹೊರಗಿದ್ದ ಮೆಫಿಟಿಸ್ ದೇವತೆಯ ಗುಡಿಯೊಂದು ಉಳಿಯಿತು. ಸೆರೆಸಿಕ್ಕ ನಾಗರಿಕರನ್ನು ಗುಲಾಮರೆಂದು ಮಾರಲು ಹೋದರೆ ಇಟಲಿಯಲ್ಲಿ ಯಾರೂ ಕೊಳ್ಳಲಿಲ್ಲ. ಈ ಒಂದು ವಿಷಯ ಓದಿದಾಗ ಮಾತ್ರ ಆ ಕಾಲದ ಜನರ ಬಗ್ಗೆ ನನಗೆ ಸ್ವಲ್ಪ ಸಮಾಧಾನ. ಆದರೆ ಅದರ ಫಲವೇನು? ಮಾರಾಟವಾಗದವರನ್ನು ಕೊಲ್ಲತೊಡಗಿದರು. ಆಮೇಲೆ ಬಂಧುಬಳಗದವರು ಗುಟ್ಟಾಗಿ ಹಣ ತೆತ್ತು ಬಿಡಿಸಿಕೊಂಡರು.

ಡಿಸೆಂಬರ್ 18ರಂದು ವಿಟೆಲಿಯಸ್ ಕಪ್ಪು ಬಟ್ಟೆ ತೊಟ್ಟು, ಚಿಕ್ಕ ಮಗನನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ಅರಮನೆಯಿಂದ ಇಳಿದುಬಂದ. ಪದವಿ ಬಿಡುತ್ತೇನೆ ಎಂದು ಅಳುತ್ತಾ ಜನರೆದುರು ತನ್ನ ಕಠಾರಿಯನ್ನು ರೋಮಿನ ಹಿರಿಯ ಅಧಿಕಾರಿಯಾದ ಕಾನ್ಸಲ್‌ಗೆ ಒಪ್ಪಿಸಲು ಹೋದ. ಕಾನ್ಸಲ್ ತೆಗೆದುಕೊಳ್ಳಲಿಲ್ಲ. ಜನ, ಸೈನಿಕರು ದಾರಿ ಕಟ್ಟಿ ಅವನನ್ನು ಅರಮನೆಗೇ ವಾಪಸ್ ಅಟ್ಟಿದರು. ಮರುದಿನ ಎರಡೂ ಪಕ್ಷಗಳ ಕಾದಾಟದಲ್ಲಿ ಕ್ಯಾಪಿಟಲ್ ಗುಡ್ಡದ ಜ್ಯೂಪಿಟರ್ ದೇವಾಲಯ ಸುಟ್ಟುಹೋಯಿತು. ಅದರ ಮರುದಿನ ರೋಮಿಗೆ ನುಗ್ಗಿದ ವೆಸ್ಪೇಸಿಯನ್ ಪಕ್ಷದವರು ವಿಟೆಲಿಯಸ್‌ನನ್ನು ಬೀದಿಯಲ್ಲಿ ಎಳೆದಾಡಿ ಕೊಂದರು. ಆ ಪುಟ್ಟ ಮಗನನ್ನೂ ಮುಂದೆ ಮ್ಯೂಸಿಯಾನಸ್ ಕೊಲ್ಲಿಸಿದ.

ವೆಸ್ಪೇಸಿಯನ್ ಹತ್ತು ವರ್ಷ ಆಳಿದ, ಖಜಾನೆ ತುಂಬಿದ, ಕ್ಯಾಪಿಟಲ್‌ನ ಅವಶೇಷ ತೆಗೆಯಲು ತಾನೇ ಮಣ್ಣು ಹೊತ್ತ, ಕ್ರೆಮೋನಾವನ್ನು ಮತ್ತೆ ಕಟ್ಟಲು ಹುರಿದುಂಬಿಸಿದ. ಇದೆಲ್ಲ ನಿಜ, ಅಲ್ಲಗಳೆಯುವುದಿಲ್ಲ. ಆದರೆ ಅವನ ವಂಶ ಆಳುತ್ತಿದ್ದಾಗ ಬರೆದವರು ಶಾಂತಿಯ ಕಾಳಜಿ, ದೇಶಪ್ರೇಮ ಎಂದೆಲ್ಲ ಕಾರಣ ಕಟ್ಟಿ ವಿಟೆಲಿಯಸ್‌ನನ್ನು ಬಿಟ್ಟುಬಂದ ಪಕ್ಷಾಂತರಿಗಳನ್ನು ಹೊಗಳಿದರು, ಅದು ಮುಖಸ್ತುತಿ ಎಂದು ಟ್ಯಾಸಿಟಸ್ ಖಡಾಖಂಡಿತವಾಗಿ ಹೇಳುತ್ತಾನೆ. ಅವನೇ ಆ ವಂಶದ ಕಾಲದಲ್ಲಿ ಮೇಲೆ ಬಂದವನು, ಆದರೂ ಹೇಳಿದ. ಎರಡು ಸಾವಿರ ವರ್ಷ ಕಳೆದ ನಾವು ಯಾಕೆ ಇನ್ನೂ ಗೆದ್ದೆತ್ತಿನ ಬಾಲ ಹಿಡಿಯಬೇಕು?

ಕ್ರೆಮೋನಾ ಸುಡುವಾಗ ವೆಸ್ಪೇಸಿಯನ್ ಇಟಲಿಯಲ್ಲೇ ಇರಲಿಲ್ಲವಲ್ಲ ಎನ್ನುವವರಿಗೆ ನನ್ನ ಉತ್ತರ ಅವನ ಲೆಕ್ಕದಲ್ಲೇ ಇದೆ. ಸೆನೆಟ್ ಅವನಿಗೆ ಅಧಿಕಾರ ಕೊಟ್ಟಿದ್ದು ವಿಟೆಲಿಯಸ್ ಸತ್ತ ಮೇಲೆ, ಡಿಸೆಂಬರ್ ಕೊನೆಯಲ್ಲಿ. ಆದರೆ ವೆಸ್ಪೇಸಿಯನ್ ತನ್ನ ಆಳ್ವಿಕೆಯನ್ನು ಎಣಿಸಿದ್ದು ಅಲೆಕ್ಸಾಂಡ್ರಿಯಾದ ಸೈನಿಕರು ಪ್ರಮಾಣ ಮಾಡಿದ ಜುಲೈ 1ರಿಂದ. ಹಾಗಾದರೆ ಅಕ್ಟೋಬರ್‌ನಲ್ಲಿ ಚಕ್ರವರ್ತಿ ಅವನೇ. ಆ ನಾಲ್ಕು ದಿನಗಳೂ ಅವನ ಆಳ್ವಿಕೆಯವೇ.