ಅನಾನಸ್ ಕೇಕಿಗೆ ಹಾಲು ಹಾಕಿದರೆ ವಿಷವಾಗುತ್ತಾ?

ಅನಾನಸ್ ಜತೆ ಹಾಲು ಸೇರಿದರೆ ವಿಷ ಅನ್ನುವ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಇದು ನಿಜವಲ್ಲ. ಸೊರಬ, ಸಾಗರದ ಕಡೆ ಇಷ್ಟು ಒಳ್ಳೆಯ ಅನಾನಸ್ ಸಿಗುವಾಗ, ಮನೆಯಲ್ಲಿ ಕೇಕ್ ಮಾಡಲು ಸುಮ್ನೆ ಹೆದರುವುದು ಬೇಡ.

ಭಯಕ್ಕೂ ಒಂದು ಕಾರಣವಿದೆ. ಹಸಿ ಹೋಳು ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ, ಬಿಟ್ಟರೆ ಕಹಿಯಾಗುತ್ತದೆ. ಹಣ್ಣಿನ ಹುಳಿ ಮತ್ತು ಬ್ರೊಮೆಲೈನ್ ಎಂಬ ಕಿಣ್ವದ ಕೆಲಸ ಅದು. ಈ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ. ಜಾಸ್ತಿ ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೂ ಅದರ ಪಾಲಿದೆ. ರುಚಿ ಕೆಡುತ್ತದೆ, ವಿಷ ಹುಟ್ಟುವುದಿಲ್ಲ. ಪನೀರ್ ಮಾಡಲು ನಾವೇ ನಿಂಬೆರಸ ಹಿಂಡಿ ಹಾಲು ಒಡೆಸುತ್ತೇವೆ, ಅಲ್ವಾ?

ಹೋಳನ್ನು ಸಕ್ಕರೆ ಜತೆ ಚೆನ್ನಾಗಿ ಕುದಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕೇಕಿನೊಳಗೆ ಬೆಂದರೂ ಅಷ್ಟೇ. ಡಬ್ಬಿಯ ಅನಾನಸ್ ಮೊದಲೇ ಬಿಸಿಯಾಗಿರುವುದರಿಂದ ಕ್ರೀಮ್ ಜತೆ ಹೊಂದಿಕೊಳ್ಳುತ್ತದೆ.

ನೀವೇ ನೋಡಿ: ಒಂದು ಲೋಟ ಹಾಲಿಗೆ ಹಸಿ ಹೋಳು, ಇನ್ನೊಂದಕ್ಕೆ ಕುದಿಸಿ ಆರಿಸಿದ ಹೋಳು ಹಾಕಿ ಫ್ರಿಜ್‌ನಲ್ಲಿಡಿ. ಕೆಲವು ಗಂಟೆ ಬಿಟ್ಟು ರುಚಿ ನೋಡಿದರೆ ಕಹಿ ಯಾವುದರಲ್ಲಿ ಅಂತ ತಿಳಿಯುತ್ತದೆ.

ಮೆಸೇಜಿನಲ್ಲಿ ಊರು, ದಿನಾಂಕ, ವಿಷದ ಹೆಸರು ಇದೆಯಾ ಎಂದೂ ಹುಡುಕಿ. ಕಳಿಸಿದವರು ಕಾಳಜಿಯಿಂದಲೇ ಕಳಿಸಿರುತ್ತಾರೆ, ಅವರಿಗೂ ನಿಧಾನವಾಗಿ ಹೇಳಿ. ಹಾಲು ಅಥವಾ ಅನಾನಸ್ ಅಲರ್ಜಿ ಇರುವವರು ಮಾತ್ರ ದೂರವಿರಬೇಕು.